ಮಾಳಿಗೆ ಮನೆಯ ತೊಟ್ಟಿಲು: ಭಯದ ಕಿರುಚಿತ್ರದ ಒಂದು ದೃಶ್ಯ ಕಟ್ಟಿದ ಬಗೆ

ದಾವಣಗೆರೆಯ ನಾವು ಕೆಲವು ಗೆಳೆಯರು ಸೇರಿ ಮಾಡಿದ ಒಂಬತ್ತು ನಿಮಿಷದ ಕಿರುಚಿತ್ರದಲ್ಲಿ ಎರಡು ನಿಮಿಷದ ಒಂದು ದೃಶ್ಯವು ಉಳಿದೆಲ್ಲ ದೃಶ್ಯಗಳು ಸೇರಿ ತೆಗೆದುಕೊಂಡದ್ದಕ್ಕಿಂತ ಹೆಚ್ಚು ಸಮಯವನ್ನು ನುಂಗಿತು. ದೃಶ್ಯ ಇಷ್ಟೇ: ದೀಪ ಹಚ್ಚುವ ಹೊತ್ತಿನಲ್ಲಿ ಹಳೆಯ ಮನೆಯೊಂದರಲ್ಲಿ ಒಬ್ಬಳೇ ಇರುವ ಹೆಂಗಸಿಗೆ ಒಳಕೋಣೆಯಿಂದ ತೊಟ್ಟಿಲು ಕಿರುಗುಟ್ಟುವ ಸದ್ದು ಕೇಳುತ್ತದೆ; ಆಕೆ ಹೋಗಿ ನೋಡಿದರೆ ತೊಟ್ಟಿಲು ತಾನಾಗಿ ತೂಗುತ್ತಿರುತ್ತದೆ; ನೋಡನೋಡುತ್ತ ಅದು ಒಂದು ಬದಿಗೆ ವಾಲಿ, ಯಾರೋ ಹಿಡಿದು ನಿಲ್ಲಿಸಿದಂತೆ ಗಾಳಿಯಲ್ಲೇ ನಿಂತುಬಿಡುತ್ತದೆ. ಮುಖ ಕಾಣುವುದಿಲ್ಲ, ರಕ್ತವಿಲ್ಲ, ಬಿಳಿ ಸೀರೆಯೂ ಇಲ್ಲ. ಇದೇ ಬಗೆಯ ದೃಶ್ಯವನ್ನು ಕಡಿಮೆ ಹಣದಲ್ಲಿ ಮಾಡಹೊರಟವರಿಗೆ ಉಪಯೋಗಕ್ಕೆ ಬಂದೀತೆಂದು ಕೆಲಸ ನಡೆದ ಕ್ರಮದಲ್ಲೇ, ಕೈಕೊಟ್ಟ ಪ್ರಯತ್ನಗಳನ್ನೂ ಸೇರಿಸಿ ಬರೆದಿಟ್ಟಿದ್ದೇನೆ.

ಹಂತ 1: ಜಾಗ

ಚಿತ್ರದುರ್ಗದ ಕೋಟೆಯಲ್ಲಿ ತೆಗೆಯೋಣವೆಂಬ ಮಾತು ಮೊದಲ ದಿನವೇ ಬಂತು. 1972ರ ‘ನಾಗರಹಾವು’ ನೋಡಿ ಬೆಳೆದ ಈ ಭಾಗದವರಿಗೆ ಕ್ಯಾಮೆರಾ ಹಿಡಿದ ಕೂಡಲೇ ಕಾಲು ಕೋಟೆಯ ಕಡೆಗೇ ಎಳೆಯುತ್ತದೆ. ಆದರೆ ಅದು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕ. ಅಲ್ಲಿ ಚಿತ್ರೀಕರಣಕ್ಕೆ ಅನುಮತಿ ಪಡೆಯಬೇಕು, ರಾತ್ರಿಯ ಕೆಲಸವಂತೂ ನಮ್ಮಂಥವರಿಗೆ ಆಗುವ ಮಾತಲ್ಲ. ಅದಕ್ಕಿಂತ ಮುಖ್ಯವಾಗಿ, ತೊಟ್ಟಿಲು ಕಟ್ಟಲು ತೊಲೆ ಬೇಕಿತ್ತು. ಚಿತ್ರದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪರಿಚಯದವರ ಹಳೆಯ ಮಾಳಿಗೆ ಮನೆ ಸಿಕ್ಕಿತು. ಮಣ್ಣಿನ ಮಾಳಿಗೆ, ಮರದ ಜಂತೆ, ತಗ್ಗು ಬಾಗಿಲು, ನಡುಮನೆಯ ನೆತ್ತಿಯಲ್ಲಿ ಒಂದಡಿ ಚೌಕದ ಗವಾಕ್ಷಿ, ನೆಲಕ್ಕೆ ನುಣುಪಾದ ಕಡಪ ಕಲ್ಲು. ಬೆಳಕಿಗೆ, ಚೌಕಟ್ಟಿಗೆ, ಕ್ಯಾಮೆರಾ ಎಳೆಯುವುದಕ್ಕೆ ಬೇಕಾದದ್ದರಲ್ಲಿ ಅರ್ಧ ಈ ಮನೆಯಲ್ಲೇ ಕಟ್ಟಿಟ್ಟಂತಿತ್ತು.

ಹಂತ 2: ತೊಟ್ಟಿಲು

ಮನೆಯ ಅಟ್ಟದಲ್ಲಿ ಮರದ ತೊಟ್ಟಿಲೇ ಇತ್ತು. ಅದನ್ನು ತೊಲೆಯ ಕಬ್ಬಿಣದ ಬಳೆಗಳಿಗೆ ಐದಡಿ ಹಗ್ಗದಲ್ಲಿ ತೂಗುಹಾಕಿ, 0.30 ಮಿಲಿಮೀಟರ್ ದಪ್ಪದ ನೈಲಾನ್ ಗಾಳದ ದಾರ ಕಟ್ಟಿ, ಕಂಬದ ಮರೆಯಿಂದ ಎಳೆದು ನೋಡಿದೆವು. ಮೂರು ತೊಂದರೆಗಳು ಒಟ್ಟಿಗೇ ಕಂಡವು. ನೈಲಾನ್ ಹಿಗ್ಗುವ ದಾರವಾದ್ದರಿಂದ ಎಳೆದ ಕೈಯ ಚಲನೆ ತೊಟ್ಟಿಲಿಗೆ ನೇರವಾಗಿ ಹೋಗದೆ, ಮೊದಲು ದಾರ ಹಿಗ್ಗಿ ಆಮೇಲೆ ತೊಟ್ಟಿಲು ಜಗ್ಗಿಕೊಂಡು ಬರುತ್ತಿತ್ತು. ಮೇಲಿನಿಂದ ಬಿದ್ದ ಬೆಳಕಿಗೆ ಆ ದಾರವೇ ಬೆಳ್ಳಿಯ ಗೆರೆಯಂತೆ ಹೊಳೆಯುತ್ತಿತ್ತು. ಬರಿದಾದ ತೊಟ್ಟಿಲು ಹಗುರವಾಗಿದ್ದುದರಿಂದ ತೂಗುವ ಬದಲು ನಡುಗುತ್ತಿತ್ತು; ನೋಡಿದವರಿಗೆ ಯಾರೋ ದಾರ ಕಟ್ಟಿ ಎಳೆಯುತ್ತಿದ್ದಾರೆಂದು ತಕ್ಷಣ ಗೊತ್ತಾಗುತ್ತಿತ್ತು.

ಮೂರನೆಯ ತೊಂದರೆಗೆ ಪರಿಹಾರ ಕೊಟ್ಟವರು ಮನೆಯ ಅಜ್ಜಿ. ಅವರಿಗೆ ನಮ್ಮ ಸಿನಿಮಾದ ಚಿಂತೆ ಇರಲಿಲ್ಲ. ಬರಿದಾದ ತೊಟ್ಟಿಲನ್ನು ತೂಗುವುದು ಅಪಶಕುನವೆಂಬುದು ಅವರ ತಕರಾರಾಗಿತ್ತು. “ಬರೀ ತೊಟ್ಲು ತೂಗಬ್ಯಾಡ್ರಪ್ಪ, ಮನೀಗೆ ಒಳ್ಳೇದಲ್ಲ. ಒಂದು ಗುಂಡುಕಲ್ಲಾದ್ರೂ ಇಡ್ರಿ” ಎಂದು ಹೇಳಿ, ತಾವೇ ಒಳಗಿನಿಂದ ರುಬ್ಬುವ ಗುಂಡನ್ನು ತರಿಸಿದರು. ಹೆಸರಿಡುವ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುವ ಪದ್ಧತಿ ನಮ್ಮಲ್ಲಿ ಇದೆಯಷ್ಟೆ. ಅವರ ಮನಸ್ಸಿನಲ್ಲಿದ್ದುದು ಅದೇ. ಸುಮಾರು ನಾಲ್ಕು ಕಿಲೋ ತೂಕದ ಆ ಗುಂಡನ್ನು ಹಳೆಯ ಕೌದಿಯಲ್ಲಿ ಸುತ್ತಿ, ಹೊರಳದಂತೆ ಎರಡೂ ಬದಿಗೆ ಬಟ್ಟೆ ಒತ್ತಿ ಇಟ್ಟ ಮೇಲೆ ತೊಟ್ಟಿಲಿನ ನಡಿಗೆಯೇ ಬದಲಾಯಿತು. ಒಮ್ಮೆ ತಳ್ಳಿ ಬಿಟ್ಟರೆ ನಡುಕವಿಲ್ಲದೆ ಬಹಳ ಹೊತ್ತು ತೂಗುತ್ತಿತ್ತು, ಒಳಗೆ ಭಾರವಾದದ್ದೇನೋ ಮಲಗಿದೆ ಎಂಬುದು ಹಗ್ಗದ ಬಿಗಿಯಲ್ಲೇ ಕಾಣುತ್ತಿತ್ತು. ಇಡೀ ದೃಶ್ಯದಲ್ಲಿ ಇದಕ್ಕಿಂತ ಹೆಚ್ಚು ಕೆಲಸ ಮಾಡಿದ ವಸ್ತು ಬೇರೊಂದಿಲ್ಲ, ಅದು ತೆರೆಯ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ.

ತೂಗುವ ವೇಗ ಇನ್ನೂ ಹೆಚ್ಚೆನಿಸಿತು. ತೂಕ ಹೆಚ್ಚಿಸಿದರೆ ತೂಗಾಟ ನಿಧಾನವಾಗುವುದಿಲ್ಲ. ಹಗ್ಗವನ್ನೇ ಉದ್ದ ಮಾಡಬೇಕು. ಐದಡಿಯಲ್ಲಿ ಒಮ್ಮೆ ಹೋಗಿ ಬರಲು ಎರಡೂವರೆ ಸೆಕೆಂಡ್ ಹಿಡಿಯುತ್ತಿದ್ದ ತೊಟ್ಟಿಲು, ಏಳಡಿಗೆ ಇಳಿಸಿದಾಗ ಸುಮಾರು ಮೂರು ಸೆಕೆಂಡ್ ತೆಗೆದುಕೊಂಡಿತು. ಕಾಗದದ ಮೇಲೆ ಅರ್ಧ ಸೆಕೆಂಡ್ ಏನೂ ಅಲ್ಲ. ಕತ್ತಲ ಕೋಣೆಯಲ್ಲಿ ಎದುರು ಕುಳಿತು ನೋಡಿದರೆ ಅದು ತೀರ ಬೇರೆಯೇ ತೊಟ್ಟಿಲು. ಸೆಕೆಂಡಿಗೆ 50 ಫ್ರೇಮ್ ತೆಗೆದು 25ರಲ್ಲಿ ಓಡಿಸುವ ಪ್ರಯೋಗವನ್ನೂ ಮಾಡಿದೆವು. ಆಗ ತೂಗಾಟ ಎರಡು ಪಟ್ಟು ನಿಧಾನವಾಗಿ ಕನಸಿನ ದೃಶ್ಯದಂತೆ ಕಂಡಿತು, ಹೆದರಿಕೆ ಹೋಯಿತು. ಹಗ್ಗದ ಉಪಾಯವೇ ಉಳಿಯಿತು.

ದಾರದ ವಿಷಯಕ್ಕೆ ಬಂದರೆ, ನೈಲಾನ್ ಬಿಟ್ಟು ಹೊಲಿಗೆಯ ಕಪ್ಪು ಹತ್ತಿದಾರಕ್ಕೆ ಬಂದೆವು. ಅದು ಅಷ್ಟಾಗಿ ಹಿಗ್ಗುವುದಿಲ್ಲ, ಹೊಳೆಯುವುದೂ ಇಲ್ಲ. ಅದರ ನವಿರು ಎಳೆಗಳು ಬೆಳಕು ಹಿಡಿಯದಂತೆ ಇದ್ದಿಲ ಪುಡಿಯನ್ನು ಬೆರಳಲ್ಲಿ ತೆಗೆದುಕೊಂಡು ಉದ್ದಕ್ಕೂ ತಿಕ್ಕಿದೆವು.

ಹಂತ 3: ಬೆಳಕು

ಭಯದ ಚಿತ್ರಗಳಲ್ಲಿ ಕತ್ತಲೆ ಎಂದರೆ ಏನೂ ಕಾಣದಿರುವುದಲ್ಲ. ಒಂದೇ ದಿಕ್ಕಿನಿಂದ ಬರುವ ಗಟ್ಟಿ ಬೆಳಕು, ಅದರ ಸುತ್ತ ತುಂಬಿಸದೆ ಬಿಟ್ಟ ನೆರಳು, ಇದೇ ಅಲ್ಲಿನ ರೂಢಿ. ನಮಗೆ ಆ ಒಂದು ದಿಕ್ಕು ಗವಾಕ್ಷಿಯಾಗಿತ್ತು. ಹಗಲಿನಲ್ಲಿ ಅದರಿಂದ ಬೀಳುವ ಬಿಸಿಲುಕೋಲನ್ನೇ ಬಳಸೋಣವೆಂದು ಮೊದಲು ಹೊರಟೆವು. ಒಂದು ಶಾಟ್ ಮುಗಿಸಿ ಇನ್ನೊಂದಕ್ಕೆ ಕ್ಯಾಮೆರಾ ಕೂಡಿಸುವಷ್ಟರಲ್ಲಿ ಬಿಸಿಲಿನ ಚೌಕ ತೊಟ್ಟಿಲಿನಿಂದ ಇಳಿದು ನೆಲಕ್ಕೆ ಸರಿದಿರುತ್ತಿತ್ತು. ಎರಡು ಶಾಟ್‌ಗಳನ್ನು ಜೋಡಿಸಿದರೆ ಬೆಳಕು ಹಾರಿ ಬಿದ್ದಂತೆ ಕಾಣುತ್ತಿತ್ತು. ಆದ್ದರಿಂದ ರಾತ್ರಿ, ಮಾಳಿಗೆಯ ಮೇಲೆ 100 ವ್ಯಾಟ್‌ನ ಎಲ್‌ಇಡಿ ಲೈಟನ್ನು ಕೆಳಮುಖ ಮಾಡಿ ಕಟ್ಟಿದೆವು. ಗುಜರಿಯಿಂದ ನಲವತ್ತು ರೂಪಾಯಿಗೆ ತಂದ ಅಡುಗೆ ಎಣ್ಣೆಯ ಡಬ್ಬದ ತಳ ಕತ್ತರಿಸಿ, ಒಳಗೆಲ್ಲ ಕಪ್ಪು ಬಳಿದು ಲೈಟಿನ ಬಾಯಿಗೆ ಸಿಕ್ಕಿಸಿದ್ದರಿಂದ ಬೆಳಕು ಚದುರದೆ ಗವಾಕ್ಷಿಯೊಳಗೇ ಇಳಿಯಿತು. ಡಬ್ಬ ಲೈಟಿನ ಹಿಂಭಾಗದ ಫ್ಯಾನನ್ನು ಮುಚ್ಚಬಾರದು. ಮುಚ್ಚಿದರೆ ಲೈಟು ಕಾಯ್ದು ತಾನಾಗಿ ಆರುತ್ತದೆ.

ದುರ್ಗದ ಕಡೆಯ ಗಾಳಿಯ ಬಗ್ಗೆ ಹೇಳಲೇಬೇಕು. ಗುಡ್ಡದ ಸಾಲಿನ ಮೇಲೆಲ್ಲ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಮಾಳಿಗೆಯ ಮೇಲೆ ಸ್ಟ್ಯಾಂಡ್ ಒಂದು ಕ್ಷಣವೂ ಅಲುಗದೆ ನಿಲ್ಲಲಿಲ್ಲ, ಸ್ಟ್ಯಾಂಡ್ ಅಲುಗಿದರೆ ಕೆಳಗೆ ನೆರಳುಗಳೆಲ್ಲ ಈಜುತ್ತಿದ್ದವು. ಪ್ರತಿ ಕಾಲಿಗೂ ಅರ್ಧ ಚೀಲ ಮರಳು ಕಟ್ಟಿದ ಮೇಲೆಯೇ ನೆರಳು ನೆಲೆನಿಂತದ್ದು.

ಒಳಗೆ, ಹೆಂಗಸು ನಿಲ್ಲುವ ಕಡೆ ಒಂದು 60 ವ್ಯಾಟ್‌ನ ಹಳೆಯ ಮಾದರಿಯ ತಂತಿ ಬಲ್ಬನ್ನು ಬಾಗಿಲ ಮರೆಯಲ್ಲಿ ಹಾಕಿದೆವು. ಅಲ್ಲಿ ಮೊದಲು ಹಾಕಿದ್ದ ಅಗ್ಗದ ಎಲ್‌ಇಡಿ ಬಲ್ಬಿನಿಂದ ಚಿತ್ರದಲ್ಲಿ ಅಡ್ಡಪಟ್ಟಿಗಳು ಹರಿದಾಡಿದವು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ, ಅದರ ಏರಿಳಿತಕ್ಕೆ ಹೊಂದುವಂತೆ, 25 ಫ್ರೇಮ್‌ಗೆ ಶಟರನ್ನು (ಪ್ರತಿ ಫ್ರೇಮ್ ಬೆಳಕು ಹಿಡಿಯುವ ಅವಧಿಯನ್ನು) ಸೆಕೆಂಡಿನ 1/50ರಲ್ಲಿ ಇಡಬೇಕು. ಮೊಬೈಲಿನಲ್ಲಿ ತೆಗೆಯುವವರು 30 ಫ್ರೇಮ್, 1/60 ಎಂಬ ಸಿದ್ಧ ಹೊಂದಿಕೆಯನ್ನು ಮರೆಯದೆ ಬದಲಾಯಿಸಿಕೊಳ್ಳಬೇಕು. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಯಾವ ಬೆಳಕು ಬಿಳಿಯಾಗಿ ಕಾಣಬೇಕೆಂಬ ಹೊಂದಿಕೆಯನ್ನು) ಎರಡೂ ಬೆಳಕುಗಳ ನಡುವೆ, 4000 ಕೆಲ್ವಿನ್‌ನಲ್ಲಿ ಇಟ್ಟಿದ್ದರಿಂದ ಗವಾಕ್ಷಿಯ ಬೆಳಕು ತುಸು ನೀಲಿಗೆ, ಬಲ್ಬಿನದು ಕೆಂಪು ಹಳದಿಗೆ ತಿರುಗಿ, ಬಣ್ಣದ ಕಾಗದ ಕೊಳ್ಳುವ ಖರ್ಚು ಉಳಿಯಿತು.

ಬೆಳಕಿನ ಕೋಲು ಕಣ್ಣಿಗೆ ಕಾಣಬೇಕಾದರೆ ಗಾಳಿಯಲ್ಲಿ ಹೊಗೆ ಇರಬೇಕು. ಕೆಂಡದ ಮೇಲೆ ಸಾಂಬ್ರಾಣಿ ಹಾಕಿದೆವು. ಹಾಕಿದ ತಕ್ಷಣ ಹೊಗೆ ಸುರುಳಿಯಾಗಿ ಏಳುತ್ತದೆ, ಆಗ ತೆಗೆದರೆ ಪೂಜೆಯ ದೃಶ್ಯದಂತೆ ಕಾಣುತ್ತದೆ. ಕೆಂಡವನ್ನು ಹೊರಗೊಯ್ದು, ಬಾಗಿಲು ಮುಚ್ಚಿ, ಐದು ನಿಮಿಷ ಬಿಟ್ಟರೆ ಹೊಗೆ ಕೋಣೆಯ ತುಂಬ ತೆಳ್ಳಗೆ ಹರಡಿಕೊಳ್ಳುತ್ತದೆ; ಪ್ರತಿ ಶಾಟ್‌ಗೂ ಇದೇ ಕ್ರಮ.

ಹಂತ 4: ಕಪ್ಪು ಬಾಗಿಲು

ನೋಡುವವರ ಕಣ್ಣು ಎಲ್ಲಿ ಹುಡುಕಬೇಕೆಂಬುದನ್ನು ಚೌಕಟ್ಟು ನಿರ್ಧರಿಸುತ್ತದೆ. ನಟಿಯನ್ನು ಚೌಕಟ್ಟಿನ ಎಡ ಅಂಚಿಗೆ ಒತ್ತರಿಸಿ ನಿಲ್ಲಿಸಿ, ಉಳಿದ ಮೂರನೆಯ ಎರಡು ಭಾಗವನ್ನು ತೆರೆದ ಕಪ್ಪು ಬಾಗಿಲಿಗೆ ಬಿಟ್ಟೆವು. ಈ ಹಂಚಿಕೆ ಭಯದ ಚಿತ್ರಗಳಲ್ಲಿ ಸವೆದುಹೋದಷ್ಟು ಹಳೆಯದು, ಆದರೂ ನಡೆಯುತ್ತದೆ. ನಾವು ಮಾಡಿದ ಒಂದೇ ಬದಲಾವಣೆಯೆಂದರೆ ಆ ಬಾಗಿಲಿನಿಂದ ಕೊನೆಯವರೆಗೂ ಏನೂ ಹೊರಬರುವುದಿಲ್ಲ.

ಬಾಗಿಲು ನಿಜವಾಗಿ ಕಪ್ಪಾಗಿ ಕಾಣುವಂತೆ ಮಾಡುವುದೇ ಕಷ್ಟವಾಯಿತು. ಒಳಕೋಣೆಯ ಸುಣ್ಣದ ಗೋಡೆ ಎಷ್ಟೇ ಬೆಳಕು ತಗ್ಗಿಸಿದರೂ ಬೂದಿಯಾಗಿ ಕಾಣುತ್ತಿತ್ತು. ಕಪ್ಪು ಕಾಟನ್ ಬಟ್ಟೆ ಕಟ್ಟಿದಾಗ ಮಡಿಕೆಗಳು ಮಿಂಚಿದವು. ವೆಲ್ವೆಟ್‌ಗೆ ದಾವಣಗೆರೆಯ ಅಂಗಡಿಗಳಲ್ಲಿ ವಿಚಾರಿಸುತ್ತಿರುವಾಗಲೇ ಮನೆಯವರು ಹೊದೆಯುವ ಕರಿ ಕಂಬಳಿಯ ನೆನಪಾಯಿತು. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಒರಟು ಕಂಬಳಿ ಬೆಳಕನ್ನು ನುಂಗಿ ಹಾಕುತ್ತದೆ. ಎರಡು ಕಂಬಳಿಗಳನ್ನು ಬಾಗಿಲಿನಿಂದ ನಾಲ್ಕಡಿ ಒಳಗೆ ತೂಗುಬಿಟ್ಟ ಮೇಲೆ ಪರದೆಯ ಮೇಲೆ ಅಲ್ಲಿ ತಳವೇ ಇಲ್ಲದಂತಾಯಿತು. ತೊಟ್ಟಿಲಿನ ದಾರವನ್ನೂ ಆ ಕಂಬಳಿಯ ಕಡೆಗೇ ಎಳೆದುಕೊಂಡೆವು. ಕಪ್ಪಿನ ಮುಂದೆ ಕಪ್ಪು ದಾರ ಕಾಣಲಿಲ್ಲ. ತೊಟ್ಟಿಲಿನ ಹತ್ತಿರದ ಎರಡಡಿ ದಾರಕ್ಕೆ ಮಾತ್ರ ಮೇಲಿನ ಬೆಳಕು ತಾಗುತ್ತಿತ್ತು, ಗವಾಕ್ಷಿಯ ಒಂದು ಮೂಲೆಗೆ ರಟ್ಟು ಅಡ್ಡ ಇಟ್ಟು ಅದನ್ನು ತಪ್ಪಿಸಿದೆವು.

ಹಂತ 5: ಕ್ಯಾಮೆರಾ ಎಳೆಯುವುದು

ತೊಟ್ಟಿಲಿನ ಕಡೆಗೆ ಕ್ಯಾಮೆರಾ ಆರಡಿ ದೂರವನ್ನು ನಲವತ್ತು ಸೆಕೆಂಡುಗಳಲ್ಲಿ ಕ್ರಮಿಸಬೇಕಿತ್ತು. ಅಷ್ಟು ನಿಧಾನವಾದರೆ ಚಲನೆ ನಡೆಯುತ್ತಿದೆಯೆಂಬುದು ನೋಡುವವರಿಗೆ ತಡವಾಗಿ ಅರಿವಾಗುತ್ತದೆ, ಅಷ್ಟರಲ್ಲಿ ಅವರು ತೊಟ್ಟಿಲಿನ ತೀರ ಹತ್ತಿರ ಬಂದಿರುತ್ತಾರೆ. ಬೇರಿಂಗ್ ಚಕ್ರಗಳ ಒಂದು ಟ್ರಾಲಿ ಮಾಡಿಸಿದೆವು, ₹1,150 ತಗುಲಿತು. ಕಡಪ ಕಲ್ಲಿನ ಪ್ರತಿ ಸಂದಿಯಲ್ಲಿ ಅದು ಟಕ್ಕೆಂದು ಕುಪ್ಪಳಿಸಿತು. ಪಿವಿಸಿ ಪೈಪಿನ ಹಳಿ ಹಾಕಿದರೆ ಪೈಪು ಬಾಗಿ ನಡುವೆ ಕ್ಯಾಮೆರಾ ತಗ್ಗಿತು. ಟ್ರಾಲಿ ಈಗಲೂ ಗೆಳೆಯನ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತು ನಿಂತಿದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಮತ್ತೆ ಕಂಬಳಿ. ನಾಲ್ಕು ಮಡಿಕೆ ಹಾಕಿದ ಕಂಬಳಿಯ ಮೇಲೆ ಟ್ರೈಪಾಡ್ ಇಟ್ಟು, ಕಾಲುಗಳಿಗೆ ಭಾರ ಕಟ್ಟಿ, ಕಂಬಳಿಯನ್ನೇ ನೆಲದ ಮೇಲೆ ಎಳೆದರೆ ಕಲ್ಲಿನ ಸಂದಿಗಳು ಗೊತ್ತೇ ಆಗಲಿಲ್ಲ. ಆದರೆ ಕೈಯಲ್ಲಿ ಎಳೆದಾಗ ಹೊರಡುವ ಕ್ಷಣದಲ್ಲಿ ಒಂದು ಜಗ್ಗು ಉಳಿಯುತ್ತಿತ್ತು. ಕಂಬಳಿಯ ತುದಿಗೆ ಹಗ್ಗ ಕಟ್ಟಿ, ಆ ಹಗ್ಗವನ್ನು ಎರಡು ಕಂಬಗಳ ನಡುವೆ ಅಡ್ಡ ಹಿಡಿದ ಒನಕೆಗೆ ಸುತ್ತುತ್ತ ಹೋದಾಗ ಎಳೆತ ಸಮನಾಯಿತು. ಒನಕೆ ತಿರುಗಿಸುವವನನ್ನು ಆ ರಾತ್ರಿ ಏನೆಂದು ಕರೆದೆವೆಂದು ದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಡುವಾಗಿನ ಮೊದಲ ಮೂರು ಸೆಕೆಂಡನ್ನು ಸಂಕಲನದಲ್ಲಿ ಕತ್ತರಿಸಿ ಬಿಟ್ಟೆವು. ಕ್ಯಾಮೆರಾದ ಎತ್ತರ ಮೂರಡಿ. ತಗ್ಗು ಬಾಗಿಲಿನ ಮನೆಯಲ್ಲಿ ಆಳೆತ್ತರಕ್ಕೆ ಇಟ್ಟರೆ ಬರೀ ಬಾಗಿಲ ಮೇಲಿನ ಗೋಡೆ ಕಾಣುತ್ತದೆ.

ಕ್ಯಾಮೆರಾ ಹಿಂದೆ ಸರಿಯುತ್ತಿರುವಾಗ ಲೆನ್ಸನ್ನು ಹತ್ತಿರಕ್ಕೆ ತಿರುಗಿಸಿ ಹಿನ್ನೆಲೆಯನ್ನು ಹಿಗ್ಗಿಸುವ ಪ್ರಸಿದ್ಧ ತಂತ್ರವನ್ನೂ ಮಾಡಿ ನೋಡಿದೆವು. ಹದಿನಾಲ್ಕು ಅಡಿಯ ಕೋಣೆಯಲ್ಲಿ ಹಿನ್ನೆಲೆಗೆ ಆಳವೇ ಇಲ್ಲದ್ದರಿಂದ ಅದು ಫಲಿಸಲಿಲ್ಲ, ಬಿಟ್ಟೆವು.

ಹಂತ 6: ತೊಟ್ಟಿಲು ವಾಲಿ ನಿಲ್ಲುವುದು

ಇಡೀ ದೃಶ್ಯ ನಿಂತಿರುವುದು ಈ ಶಾಟ್ ಮೇಲೆ. ತೂಗುತ್ತಿರುವ ತೊಟ್ಟಿಲನ್ನು ದಾರದಿಂದ ಹಠಾತ್ತನೆ ಹಿಡಿಯಲು ಹೋದಾಗ, ಗುಂಡಿನ ಭಾರಕ್ಕೆ ದಾರ ಕಿತ್ತುಹೋಗುತ್ತಿತ್ತು. ದಪ್ಪ ದಾರ ಹಾಕಿದರೆ ಕೀಳಲಿಲ್ಲ, ಆದರೆ ನಿಂತ ಕ್ಷಣದಲ್ಲಿ ತೊಟ್ಟಿಲು ಗಡಗಡನೆ ಅದುರಿತು, ದಾರವೂ ಕಂಡಿತು.

ದಾರಿ ಸಿಕ್ಕಿದ್ದು ಕೆಲಸವನ್ನು ತಿರುವುಮುರುವು ಮಾಡಿದಾಗ. ತೊಟ್ಟಿಲನ್ನು ಮೊದಲೇ ಒಂದು ಬದಿಗೆ ವಾಲಿಸಿ, ನಾಲ್ಕು ಎಳೆ ಹುರಿ ಮಾಡಿದ ಕಪ್ಪು ಹತ್ತಿದಾರದಿಂದ ಕಂಬಳಿಯ ಹಿಂದಿನ ಗೂಟಕ್ಕೆ ಬಿಗಿದೆವು. ತೊಟ್ಟಿಲು ಪೂರ್ತಿ ಅಲುಗಾಟ ನಿಲ್ಲಿಸುವವರೆಗೆ ಕಾದು, ಕ್ಯಾಮೆರಾ ಓಡಿಸಿ, ಹತ್ತು ಸೆಕೆಂಡ್ ಬಿಟ್ಟು, ದಾರವನ್ನು ಬಿಡಿಸಿದೆವು, ತೊಟ್ಟಿಲು ತೂಗತೊಡಗಿತು. ಇದನ್ನು ಸಂಕಲನದಲ್ಲಿ ಹಿಂದುಮುಂದಾಗಿ ಓಡಿಸಿದರೆ, ತೂಗುತ್ತಿರುವ ತೊಟ್ಟಿಲು ಸ್ವಲ್ಪಸ್ವಲ್ಪವೇ ಜೋರಾಗಿ, ಒಂದು ತುದಿಗೆ ಹೋದದ್ದು ಮರಳಿ ಬಾರದೆ ಅಲ್ಲೇ ನಿಂತುಬಿಡುತ್ತದೆ.

ದಾರವನ್ನು ಬಿಡಿಸುವ ಬಗೆಯೂ ಸುಲಭಕ್ಕೆ ಸಿಕ್ಕಲಿಲ್ಲ. ಕೈಯಲ್ಲಿ ಬಿಟ್ಟರೆ ಬೆರಳುಗಳು ಒಂದೇ ಸಲಕ್ಕೆ ಬಿಡುವುದಿಲ್ಲ. ಕತ್ತರಿಯಿಂದ ಕತ್ತರಿಸಿದರೆ ಕತ್ತರಿ ತಾಗುವಾಗ ದಾರ ಮಿಡಿದು ತೊಟ್ಟಿಲು ನಡುಗುತ್ತದೆ. ಹೊತ್ತಿಸಿದ ಊದುಬತ್ತಿಯ ತುದಿಯನ್ನು ದಾರಕ್ಕೆ ಮುಟ್ಟಿಸಿದಾಗ ಮಾತ್ರ ಎಳೆಗಳು ಒಂದೊಂದಾಗಿ ಸುಟ್ಟು, ಕೊನೆಯ ಎಳೆ ಸದ್ದಿಲ್ಲದೆ ಹರಿದು, ತೊಟ್ಟಿಲು ಮಿಡುಕದೆ ಹೊರಟಿತು. ನೈಲಾನ್ ಇಲ್ಲಿ ಉಪಯೋಗಕ್ಕೆ ಬರದು, ಅದು ಕರಗಿ ಎಳೆಎಳೆಯಾಗಿ ಹಿಗ್ಗುತ್ತದೆ. ಸಾಂಬ್ರಾಣಿಯ ಹೊಗೆ ಸುರುಳಿಯಾಗಿರುವಾಗ ತೆಗೆದ ಒಂದು ಟೇಕ್‌ನಲ್ಲಿ, ಹಿಂದುಮುಂದಾಗಿಸಿದಾಗ ಹೊಗೆ ಮೇಲಿನಿಂದ ಕೆಳಗಿಳಿದು ತೊಟ್ಟಿಲಿನೊಳಗೆ ಸೇರುವಂತೆ ಕಂಡಿತು. ನಾವು ಯೋಜಿಸಿದ್ದಲ್ಲ, ಆದರೆ ಅಂತಿಮ ಪ್ರತಿಯಲ್ಲಿ ಇರುವುದು ಅದೇ ಟೇಕ್. ಈ ಶಾಟ್‌ನಲ್ಲಿ ನಟಿ ಇರಕೂಡದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಹಿಂದುಮುಂದಾದ ಉಸಿರಾಟ ಮತ್ತು ರೆಪ್ಪೆ ಹೊಡೆತ ಕೂಡಲೇ ಗುಟ್ಟು ಬಿಟ್ಟುಕೊಡುತ್ತವೆ.

ಹಂತ 7: ಸದ್ದು

ತೊಟ್ಟಿಲು ಕಾಣುವುದಕ್ಕೆ ಮೊದಲು ಅರ್ಧ ನಿಮಿಷ ಅದರ ಸದ್ದೊಂದೇ ಕೇಳಬೇಕೆಂಬುದು ನಮ್ಮ ಯೋಜನೆ. ಆದರೆ ನಿಜವಾದ ತೊಟ್ಟಿಲು ಏಳಡಿ ಹಗ್ಗದಲ್ಲಿ ಸದ್ದನ್ನೇ ಮಾಡಲಿಲ್ಲ. ಬೇರೆ ಸದ್ದು ಹುಡುಕಿ, ಹಿತ್ತಲ ಬಾಗಿಲಿನ ಒಣಗಿದ ತಿರುಗಣಿಯಲ್ಲಿ ಬೇಕಾದ ಕಿರುಗುಟ್ಟುವಿಕೆ ಸಿಕ್ಕಿತು. ರಾತ್ರಿ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ವಿದ್ಯುತ್ತು ಬಂದಾಗ ದೂರದ ಮೋಟಾರುಗಳ ಗುಂಯ್ ಸದ್ದು ಮೈಕಿಗೆ ಸಿಗುತ್ತಿತ್ತು. ಅದು ಹೋಗುವವರೆಗೆ ಕಾದು, ಮೈಕಿಗೂ ನಮ್ಮ ತಲೆಗೂ ಸೇರಿಸಿ ಕಂಬಳಿ ಹೊದ್ದು ದಾಖಲಿಸಿದೆವು. ಆ ಸದ್ದನ್ನು ಅರ್ಧ ವೇಗಕ್ಕೆ ಇಳಿಸಿದಾಗ ಶ್ರುತಿ ಒಂದು ಸಪ್ತಕ ಕೆಳಗಿಳಿದು ಮರ ನರಳಿದಂತಾಯಿತು. ಹೀಗೆ ನಿಧಾನಿಸುವ ಉದ್ದೇಶವಿದ್ದರೆ 96 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 96,000 ಮಾದರಿಗಳಂತೆ ದಾಖಲಿಸುವುದು ಒಳ್ಳೆಯದು, ಇಲ್ಲವಾದರೆ ಸದ್ದು ಮಂಕಾಗುತ್ತದೆ.

ಬೆಚ್ಚಿಬೀಳಿಸುವ ಹುಸಿ ಸದ್ದು ಒಂದಾದರೂ ಇರಲೆಂದು ಗೆಳೆಯರು ಪಟ್ಟು ಹಿಡಿದರು. 1942ರ ಅಮೆರಿಕದ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ಹೆಂಗಸೊಬ್ಬಳ ಬೆನ್ನಟ್ಟಿದ ಮೌನವನ್ನು ಬಸ್ಸೊಂದು ಬುಸ್ಸೆಂದು ಬಂದು ಒಡೆಯುತ್ತದೆ. ಅಪಾಯವಿಲ್ಲದ ವಸ್ತುವಿನಿಂದ ಹೆದರಿಸುವ ಈ ತಂತ್ರಕ್ಕೆ ನಿರ್ಮಾಪಕ ವಾಲ್ ಲ್ಯೂಟನ್ ಅವರ ಹೆಸರಿನಲ್ಲಿ ‘ಲ್ಯೂಟನ್ ಬಸ್’ ಎಂಬ ಹೆಸರೇ ಉಳಿದಿದೆ. ಅದರ ಮುಂದಿನ ಪೀಳಿಗೆಯ ಚಿತ್ರಗಳು ಬಸ್ಸಿನ ಜಾಗಕ್ಕೆ ಬೆಕ್ಕನ್ನು ತಂದು ಬೆಕ್ಕನ್ನೂ ಸವೆಸಿವೆ. ನಾವು ಕುಕ್ಕರಿನ ಸೀಟಿ ಬಳಸಿದೆವು. ಅದಕ್ಕೆ ಮೊದಲು ಜೀರುಂಡೆಯ ಸದ್ದನ್ನು ಪೂರ್ತಿ ತೆಗೆದು ಕೋಣೆಯ ಬರಿ ಮೌನವನ್ನು ಸುಮಾರು ಮೈನಸ್ 45 ಡೆಸಿಬೆಲ್‌ನಲ್ಲಿ (ಸಂಕಲನದ ಅಳತೆಯಲ್ಲಿ ಸೊನ್ನೆಯೇ ಅತಿ ಜೋರು) ಆರು ಸೆಕೆಂಡ್ ಬಿಟ್ಟು, ಸೀಟಿಯನ್ನು ಮೈನಸ್ 6ರಲ್ಲಿ ಇಟ್ಟೆವು. ಮೌನ ಮೂರು ಸೆಕೆಂಡ್ ಇದ್ದಾಗ ನೋಡಿದವರು ಬೆಚ್ಚಲಿಲ್ಲ, ಹತ್ತು ಸೆಕೆಂಡ್ ಇದ್ದಾಗ ಏನೋ ಬರುತ್ತದೆಂದು ಮೊದಲೇ ಕಿವಿ ಗಟ್ಟಿ ಮಾಡಿಕೊಂಡರು. ಮಗುವಿನ ಜೋಗುಳವನ್ನು ಹಿನ್ನೆಲೆಯಲ್ಲಿ ಹಾಕುವ ಸಲಹೆಯನ್ನು ನಾನು ಒಪ್ಪಲಿಲ್ಲ. ತೊಟ್ಟಿಲು ಕಂಡಲ್ಲೆಲ್ಲ ಜೋಗುಳ ಹಾಡಿಸಿ ಹಾಡಿಸಿ ಅದರ ಭಯವೆಲ್ಲ ಕರಗಿಹೋಗಿದೆ.

ಕೆಳಶ್ರುತಿಯ ಒಂದು ಗುಂಯ್‌ಕಾರವನ್ನು 40 ಹರ್ಟ್ಸ್‌ನಲ್ಲಿ ಸೇರಿಸಿದ್ದೆವು. ಮನೆಯ ದೊಡ್ಡ ಸ್ಪೀಕರಿನಲ್ಲಿ ಎದೆಗೆ ತಾಗುತ್ತಿದ್ದ ಆ ಸದ್ದು ಮೊಬೈಲಿನಲ್ಲಿ ಕೇಳಿಸಲೇ ಇಲ್ಲ, ಏಕೆಂದರೆ ಮೊಬೈಲಿನ ಪುಟ್ಟ ಸ್ಪೀಕರು ಅಷ್ಟು ಕೆಳಗಿನ ಸ್ವರವನ್ನು ನುಡಿಸುವುದಿಲ್ಲ. ನೋಡುವವರಲ್ಲಿ ಹೆಚ್ಚಿನವರು ಮೊಬೈಲಿನಲ್ಲೇ ನೋಡುವುದರಿಂದ, ಅದೇ ಸದ್ದಿನ ಇನ್ನೊಂದು ಪ್ರತಿಗೆ ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒಡೆಯುವ ಪರಿಣಾಮ) ಹಾಕಿ, ಮೇಲಿನ ಸ್ವರಗಳು ಹುಟ್ಟುವಂತೆ ಮಾಡಿ ಸಣ್ಣಗೆ ಬೆರೆಸಿದೆವು.

ಹಂತ 8: ಖರ್ಚು ಮತ್ತು ಉಳಿದದ್ದು

ಕ್ಯಾಮೆರಾ ಮತ್ತು ಲೆನ್ಸಿನ ಬಾಡಿಗೆ ದಿನಕ್ಕೆ ₹2,000, ಲೈಟಿಗೆ ₹600. ದಾರ, ಇದ್ದಿಲು, ಸಾಂಬ್ರಾಣಿ, ಊದುಬತ್ತಿ, ರಟ್ಟು, ಎಣ್ಣೆ ಡಬ್ಬ ಎಲ್ಲ ಸೇರಿ ₹300 ದಾಟಲಿಲ್ಲ. ಕಂಬಳಿ, ಒನಕೆ, ಗುಂಡುಕಲ್ಲು ಮನೆಯವು. ಟ್ರಾಲಿಯ ಹಣವೊಂದೇ ದಂಡ. ವಾಲಿ ನಿಂತ ಶಾಟ್‌ನ ಕೊನೆಯಲ್ಲಿ, ಬೆಳಕು ಹೆಚ್ಚಿಸಿ ನೋಡಿದರೆ ತೊಟ್ಟಿಲಿನ ಅಂಚಿನಿಂದ ಒಂದು ಗೇಣು ದಾರ ಈಗಲೂ ಕಾಣುತ್ತದೆ. ತೊಟ್ಟಿಲು ಅಲುಗದೆ ನಿಂತಿರುವ ಭಾಗವಾದ್ದರಿಂದ ದಾರವಿಲ್ಲದ ಹಿನ್ನೆಲೆಯ ತುಂಡೊಂದನ್ನು ಅದರ ಮೇಲೆ ಕೂಡಿಸಿ ಮುಚ್ಚುವ ಕೆಲಸ ನಡೆದಿದೆ.